ಮತ್ತೆ ತೊಳೆದ ಜಾಡಿಗಳು

ನಮ್ಮತ್ತೆಯ ಎರಡು ಕೈಗಳಿಗೆ ಇಬ್ಬರು ಯಜಮಾನರು. "ಎಡಗೈ ಕಚೇರಿದು, ಬಲಗೈ ನಂದು" ಎನ್ನುತ್ತಿದ್ದಳು. ಎಡಗೈಯ ಒಳಮೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಹನ್ನೊಂದು ವರ್ಷ ಆ ಕೈಯನ್ನು ಅವಳು ನಗರಸಭೆಯ ಸೊಳ್ಳೆಗಳಿಗೆ ಕಚ್ಚಲು ಕೊಟ್ಟಿದ್ದಳು. ಬಸ್ಸಿನಲ್ಲಿ ಪಕ್ಕದವರು ಆ ಕೈ ನೋಡಿ ದೂರ ಸರಿದು ಕೂತರೆ ಅವಳಿಗೆ ಬೇಜಾರಿಲ್ಲ. ಚೀಲ ಇಡಲು ಜಾಗವಾಯಿತೆಂದು ಖುಷಿ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಮನೆ ತುಂಬ ಹೆಣ್ಮಕ್ಕಳಿದ್ದಾರೆ, ಮೊದಲು ಅವರದ್ದು ಮುಗೀಲಿ" ಎನ್ನುತ್ತಿದ್ದಳು. ಹೆಣ್ಣುಮಕ್ಕಳು ಎಂದರೆ ಜಾಡಿಯ ಸೊಳ್ಳೆಗಳು. ಕಚ್ಚುವುದು ಹೆಣ್ಣೇ ತಾನೆ.

ಈ ಕಥೆಯಲ್ಲಿ ಸಾಯುವವನು ನನ್ನ ಅಪ್ಪ, ಅತ್ತೆಯ ಒಬ್ಬನೇ ತಮ್ಮ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಓದುವವರ ಎದೆ ಹಿಂಡುವ ಚಾಳಿ ನನಗಿಲ್ಲ. ಅವನು ಹೇಗೆ ಸತ್ತ ಎಂಬುದಕ್ಕಿಂತ, ಅವನು ಬದುಕಬಹುದಿತ್ತು ಎಂಬುದು ಅತ್ತೆಯ ಕೈಬರಹದಲ್ಲೇ ಹನ್ನೊಂದು ವರ್ಷದಿಂದ ಬಿದ್ದಿತ್ತಲ್ಲ, ನನ್ನನ್ನು ಇವತ್ತಿಗೂ ಸುಡುವುದು ಅದು.

ಅತ್ತೆ ಆ ಕಚೇರಿಗೆ ಸೇರಿದ್ದು ಗಾಜು ತೊಳೆಯುವ ಕೆಲಸಕ್ಕೆ. ಲಸಿಕೆ ಇಡುವ ಉಗ್ರಾಣದ ಹಿಂದೆ ಒಂದು ಉದ್ದನೆಯ ಕೋಣೆ. ಅದೇ ಕೀಟ ವಿಭಾಗ. ಒಂದು ಗೋಡೆಗೆ ಕಬ್ಬಿಣದ ಕಪಾಟುಗಳು, ಅವುಗಳ ಮೇಲೆ ಬಾಯಿಗೆ ಪರದೆ ಬಟ್ಟೆ ಕಟ್ಟಿದ ನೂರಿಪ್ಪತ್ತು ಜಾಡಿಗಳು. ಇನ್ನೊಂದು ಗೋಡೆಗೆ ಕಲ್ಲಿನ ತೊಟ್ಟಿ, ನೀರು ಕಾಯಿಸುವ ದೊಡ್ಡ ಪಾತ್ರೆ. ಮರಿಸೊಳ್ಳೆಗಳಿಗೆ ತಿನ್ನಿಸುವ ಹುಡಿಯ ಹುಳಿವಾಸನೆ ಗೋಡೆಗೇ ಹತ್ತಿತ್ತು. ಮೂಲೆಯ ಪಂಜರದಲ್ಲಿ ಒಂದು ಮುದಿ ಪಾರಿವಾಳ. ದಿನವಿಡೀ ಕೂತು ತಿನ್ನುವುದೊಂದನ್ನು ಬಿಟ್ಟರೆ ಬೇರೆ ಕೆಲಸವಿಲ್ಲದ ಕಾರಣ ಅದಕ್ಕೆ ಎಲ್ಲರೂ 'ಸಾಹೇಬ್ರು' ಎನ್ನುತ್ತಿದ್ದರು.

ತೊಳೆಯುವುದರಲ್ಲಿ ಅತ್ತೆಯನ್ನು ಮೀರಿಸುವವರಿರಲಿಲ್ಲ. ಮನೆಯಲ್ಲೂ ಅಷ್ಟೇ. ಒಂದು ಲೋಟ ತೊಳೆದರೆ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿಯೇ ಕಪಾಟಿಗೆ ಇಡುವುದು. ಓದಿದ್ದು ಏಳನೇ ಕ್ಲಾಸು. ನೋಡಲು ಚೆಲುವೆಯಲ್ಲ, ಕೈಯಲ್ಲಿ ಕಾಸಿಲ್ಲ, ತಮ್ಮನ ಮನೆಯ ಅಡುಗೆಕೋಣೆಯ ಪಕ್ಕ ಒಂದು ಮಂಚದಷ್ಟು ಜಾಗ. ಹೆಮ್ಮೆಪಡಲು ಅವಳಿಗೆ ಇದ್ದದ್ದು ಇದೊಂದೇ: ತಾನು ತೊಳೆದದ್ದನ್ನು ಯಾರೂ ಮತ್ತೆ ತೊಳೆಯಬೇಕಾಗಿಲ್ಲ.

ಪರೀಕ್ಷೆ ಮಾಡುತ್ತಿದ್ದವನು ಕೆಲಸ ಬಿಟ್ಟು ಹೋದಾಗ, ಆಗಿನ ಅಧಿಕಾರಿ, ಹಳೇ ಸಾಹೇಬರು ಎಂದೇ ಎಲ್ಲರೂ ಕರೆಯುವವರು, ಅತ್ತೆಯನ್ನು ಅವನ ಕುರ್ಚಿಗೆ ಕೂರಿಸಿದರು. ಹೊಸಬನನ್ನು ತರುವುದಕ್ಕಿಂತ ಅದು ಸಲೀಸು. ಊರಿನಲ್ಲಿ ಒಂದೇ ಬಣ್ಣದ, ಒಂದೇ ಗಾತ್ರದ, ಭೂತಗನ್ನಡಿಯಲ್ಲಿಟ್ಟು ನೋಡಿದರೂ ವ್ಯತ್ಯಾಸ ಕಾಣದ ಎರಡು ಬಗೆಯ ಸೊಳ್ಳೆಗಳಿದ್ದವು. ಅವುಗಳನ್ನು ಬೇರೆಬೇರೆಯಾಗಿ ಎಣಿಸುವುದು ಅವಳ ಹೊಸ ಕೆಲಸ.

ಅದನ್ನು ನನಗೆ ಚಿಕ್ಕವಳಿದ್ದಾಗ ಅವಳು ಹೀಗೆ ಹೇಳಿಕೊಟ್ಟಿದ್ದಳು: "ಮೊದಲು ಎಲ್ಲಾ ಒಂದೇ ಮನೆಯವು. ಹೊರಗಡೆ ಗುಂಡಿ, ಹೊಂಡ, ಮರದ ಪೊಟರೆ, ಅಲ್ಲೇ ಇದ್ವು. ಹಕ್ಕಿ ರಕ್ತ ಕುಡೀತಿದ್ವು. ಆಮೇಲೆ ಜನ ಊರು ಕಟ್ಟಿದ್ರು. ನೆಲದಡಿ ಚರಂಡಿ ಮಾಡಿದ್ರು, ನೆಲಮಾಳಿಗೆ ಮಾಡಿದ್ರು. ಕೆಲವು ಕೆಳಗಿಳಿದ್ವು. ಅಲ್ಲಿ ಚಳಿ ಇಲ್ಲ, ಹಕ್ಕಿ ಇಲ್ಲ, ಹಾರಾಡೋಕೆ ಬಯಲಿಲ್ಲ. ಹಕ್ಕಿ ಇಲ್ದೇ ಇದ್ರೆ ಏನ್ ಮಾಡ್ತವೆ? ಮನುಷ್ಯನ್ನ ಕಚ್ಚೋದು ಕಲಿತ್ವು. ಬಯಲಿಲ್ದೇ ಇದ್ರೆ ಇಕ್ಕಟ್ಟಲ್ಲೇ ಜೋಡಿ ಆಗೋದು ಕಲಿತ್ವು. ರಕ್ತ ಸಿಗದೇ ಇದ್ರೂ ಮೊದಲ ಸಲಕ್ಕೆ ಮೊಟ್ಟೆ ಇಡೋದು ಕಲಿತ್ವು. ಕಲಿತವು ಉಳಿದ್ವು, ಕಲೀದೇ ಇದ್ದವು ಸತ್ವು."

ಪರೀಕ್ಷೆಯೂ ಅದರಂತೆಯೇ ಇತ್ತು. ತಂದ ಮರಿಗಳನ್ನು ಜಾಡಿಯಲ್ಲಿ ಬೆಳೆಸಬೇಕು. ಗೇಣಗಲದ ಜಾಡಿಯಲ್ಲೇ ಜೋಡಿಯಾಗಿ, ರಕ್ತವಿಲ್ಲದೆ ಮೊಟ್ಟೆಯಿಟ್ಟರೆ ಅವು 'ಕೆಳಗಿನವು'. ಎರಡೂ ಮಾಡದಿದ್ದರೆ 'ಮೇಲಿನವು'. ಹಾಗೆ ಗೊತ್ತುಮಾಡಿದ ಜಾಡಿಯ ಸೊಳ್ಳೆಗಳನ್ನು ಮಾತ್ರ ಮುಂದಿನ ಪೆಟ್ಟಿಗೆಗೆ ಬಿಡುವುದು. ಆ ಪೆಟ್ಟಿಗೆಯ ಒಂದು ಬದಿಗೆ ಸಾಹೇಬ್ರು ಎಂಬ ಪಾರಿವಾಳ, ಇನ್ನೊಂದು ಬದಿಗೆ ಅತ್ತೆಯ ಎಡಗೈ. ಮೇಲಿನವು ಪಾರಿವಾಳದ ಕಡೆ ಹೋಗುತ್ತಿದ್ದವು, ಕೆಳಗಿನವು ಕೈಯ ಕಡೆ. ತಪ್ಪುವುದು ಬಹಳ ಅಪರೂಪ. ಕಚೇರಿಯ ಹಾಳೆಯಲ್ಲಿ ಇದ್ದದ್ದು ಎರಡೇ ಮನೆ: ಮೇಲಿನದು, ಕೆಳಗಿನದು.

ಕೆಲಸಕ್ಕೆ ಕೂತ ಮೂರನೇ ತಿಂಗಳು ಅತ್ತೆಗೆ ಒಂದು ವಿಚಿತ್ರ ಜಾಡಿ ಸಿಕ್ಕಿತು. ಅದರಲ್ಲಿ ಎಲ್ಲವೂ ಇಕ್ಕಟ್ಟಿನಲ್ಲೇ ಜೋಡಿಯಾದವು. ಆದರೆ ರಕ್ತವಿಲ್ಲದೆ ಮೊಟ್ಟೆಯಿಟ್ಟವು ಅರ್ಧ, ಇಡದವು ಅರ್ಧ. ಎರಡು ಮನೆಗಳಲ್ಲಿ ಎಲ್ಲಿ ಬರೆಯಬೇಕೆಂದು ತಿಳಿಯದೆ ಅವಳು ಜಾಡಿಯನ್ನು ಎತ್ತಿಕೊಂಡು ಹೋಗಿ ಹಳೇ ಸಾಹೇಬರ ಮೇಜಿನ ಮೇಲಿಟ್ಟಳು. ಅವರು ಜಾಡಿಯ ಕಡೆ ನೋಡಲೇ ಇಲ್ಲ.

"ಜಾಡಿ ಸರಿಯಾಗಿ ತೊಳೆದಿಲ್ಲ. ಹಿಂದಿನ ತಂಡದ ಮರಿ ಅಂಟಿಕೊಂಡು ಉಳಿದಿದೆ, ಬೆರೆತುಹೋಗಿದೆ" ಎಂದರು. "ತೊಳೆಯೋದಾದ್ರೂ ಬರತ್ತೆ ಅಂತ ತಾನೇ ನಿನ್ನನ್ನ ಕೂರಿಸಿದ್ದು?"

ಪಕ್ಕದ ಮೇಜಿನ ಇಬ್ಬರು ನಕ್ಕರು. ಅತ್ತೆ ಜಾಡಿಯನ್ನು ತಬ್ಬಿಕೊಂಡು ವಾಪಸು ಬಂದಳು. ಆ ಸಂಜೆ ಮನೆಯಲ್ಲಿ ಅವಳು ಊಟ ಮಾಡಲಿಲ್ಲವಂತೆ. ಅಮ್ಮ ಹೇಳಿದ್ದು. ಬೇರೆ ಏನು ಬೈದಿದ್ದರೂ ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕೊಳಕು ಪಾತ್ರೆ ಎಂದದ್ದು ಮಾತ್ರ ಅವಳಿಗೆ ಮರ್ಮಕ್ಕೆ ತಾಗಿತು.

ಅಲ್ಲಿಂದ ಮುಂದೆ ಅಂಥ ಜಾಡಿ ಸಿಕ್ಕಿದರೆ ಅತ್ತೆ ಯಾರಿಗೂ ತೋರಿಸಲಿಲ್ಲ. ಕುದಿನೀರು ಸುರಿದು ಸೊಳ್ಳೆಗಳನ್ನು ಕೊಂದು, ಜಾಡಿಯನ್ನು ಮೂರು ಸಲ ತಿಕ್ಕಿ, ಬೋರಲು ಹಾಕಿ, ಹೊಸ ಮರಿಗಳನ್ನು ತಂದು ಮತ್ತೆ ಶುರುಮಾಡುತ್ತಿದ್ದಳು. ಹಾಳೆಯಲ್ಲಿ ಏನೂ ಬರೆಯುತ್ತಿರಲಿಲ್ಲ. ಆದರೆ ಮನಸ್ಸಿನಲ್ಲಿ ಕಳ್ಳತನವಿಲ್ಲದವಳು. ಒಡೆದ, ಬಿರುಕುಬಿಟ್ಟ ಗಾಜಿನ ಲೆಕ್ಕ ಇಡಲು ವರ್ಷಕ್ಕೊಂದು ಜಾಡಿ ಪುಸ್ತಕವಿತ್ತು. ಅದರಲ್ಲಿ ದಿನಾಂಕ ಹಾಕಿ 'ಮತ್ತೆ ತೊಳೆದದ್ದು: ಒಂದು' ಎಂದು ಬರೆದಿಡುತ್ತಿದ್ದಳು. ಆ ಪುಸ್ತಕವನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಹೀಗೆ ಬೆರೆತ ಸೊಳ್ಳೆಗಳು ಯಾವತ್ತೂ ಪಾರಿವಾಳ ಮತ್ತು ಕೈಯಿರುವ ಪೆಟ್ಟಿಗೆಯವರೆಗೆ ಹೋಗಲೇ ಇಲ್ಲ. ಹೋಗಿದ್ದರೆ ಅವು ಯಾರನ್ನು ಕಚ್ಚುತ್ತವೆ ಎಂದು ಗೊತ್ತಾಗುತ್ತಿತ್ತು. ಚೊಕ್ಕ ಜಾಡಿಗಳು ಮಾತ್ರ ಮುಂದೆ ಹೋದವು, ಲೆಕ್ಕವೂ ಚೊಕ್ಕವಾಗಿ ಬಂತು.

ಅತ್ತೆಗೆ ಕೆಳಗಿನ ಮರಿಗಳನ್ನು ತಂದುಕೊಡುತ್ತಿದ್ದವನು ಅಪ್ಪನೇ. ಅವನು ಏಳು ಮಹಡಿಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಪಂಪು ನೋಡಿಕೊಳ್ಳುವವನು. ನೆಲದಿಂದ ಸದಾ ನೀರು ಜಿನುಗುವ ಜಾಗ. ಮೂರು ಪಂಪು, ಒಂದು ಬಲ್ಬು, ಒಂದು ಮಂಚ, ಗೋಡೆಗೆ ನೇತುಹಾಕಿದ ಎರಡು ಅಂಗಿ. ಎತ್ತರದಲ್ಲಿ, ಹೊರಗಿನ ಪಾದಚಾರಿ ದಾರಿಯ ಮಟ್ಟಕ್ಕೆ, ಸರಳು ಹಾಕಿದ ಒಂದು ಗವಾಕ್ಷಿ. ಅದರಲ್ಲಿ ನಡೆದುಹೋಗುವವರ ಕಾಲು ಕಾಣುತ್ತಿತ್ತು. "ಚಪ್ಪಲಿ ನೋಡೇ ಊರಿನ ಯೋಗಕ್ಷೇಮ ಹೇಳ್ತೀನಿ" ಎನ್ನುತ್ತಿದ್ದ ಅಪ್ಪ. ಪ್ರತಿ ಸೋಮವಾರ ಅವನು ತೊಟ್ಟಿಯ ನೀರನ್ನು ಸೌಟಿನಲ್ಲಿ ಎತ್ತಿ ಡಬ್ಬಿಗೆ ತುಂಬಿ ಅಕ್ಕನಿಗೆ ಕೊಡುತ್ತಿದ್ದ. "ತಗೋ ಅಕ್ಕ, ನಿನ್ ಮಕ್ಕಳನ್ನ. ನನ್ ರಕ್ತ ಕುಡ್ದು ಬೆಳೆದವು, ಒಂದು ಲೆಕ್ಕದಲ್ಲಿ ಸೋದರಳಿಯಂದ್ರೇ ಆಗ್ಬೇಕು ನಂಗೆ." ಅತ್ತೆ ಡಬ್ಬಿಯನ್ನು ಬೆಳಕಿಗೆ ಹಿಡಿದು, "ನಿನ್ನಷ್ಟೇ ಸೋಮಾರಿಗಳು" ಎನ್ನುತ್ತಿದ್ದಳು. ಈ ಮಾತು ಹನ್ನೊಂದು ವರ್ಷ ಬದಲಾಗಲಿಲ್ಲ. ನನಗೆ ಬಾಯಿಪಾಠವಾಗಿತ್ತು.

ನನಗೆ ಹತ್ತೊಂಬತ್ತಾದ ವರ್ಷ ಊರಿನಲ್ಲಿ ಕಾಗೆಗಳು ಸಾಯತೊಡಗಿದವು. ಮೊದಲು ಉದ್ಯಾನದಲ್ಲಿ, ಆಮೇಲೆ ಬಸ್ ನಿಲ್ದಾಣದ ಸೂರಿನ ಮೇಲೆ, ಆಮೇಲೆ ನಮ್ಮ ಬೀದಿಯಲ್ಲೇ. ಹಾರುತ್ತಿದ್ದದ್ದು ತೂರಾಡಿ, ಕತ್ತು ಸೊಟ್ಟ ಮಾಡಿಕೊಂಡು ಬೀಳುತ್ತಿತ್ತು. ಜನ ಅದಕ್ಕೆ ಕಾಗೆಜ್ವರ ಎಂದರು. ಮೂರು ವಾರದಲ್ಲಿ ಉದ್ಯಾನದ ಮಾಲಿ ಜ್ವರ ಬಂದು ಮಿದುಳು ಊದಿ ಸತ್ತ. ಅದು ಹಕ್ಕಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯನಿಗೆ ಬರುವ ರೋಗವೆಂದು ಗೊತ್ತಾಯಿತು.

ಅಷ್ಟರಲ್ಲಿ ಹಳೇ ಸಾಹೇಬರು ನಿವೃತ್ತರಾಗಿ ಹೊಸ ಮೇಡಂ ಬಂದಿದ್ದರು. ಅವರು ಅತ್ತೆಯನ್ನು ಕರೆದು ಒಂದೇ ಪ್ರಶ್ನೆ ಕೇಳಿದರು: ಊರಿನ ಯಾವ ಸೊಳ್ಳೆ ಹಕ್ಕಿಯನ್ನೂ ಮನುಷ್ಯನನ್ನೂ ಎರಡನ್ನೂ ಕಚ್ಚುತ್ತದೆ? ಅತ್ತೆ ಹನ್ನೊಂದು ವರ್ಷದ ಹಾಳೆಗಳನ್ನು ತಂದಿಟ್ಟಳು. ಮೇಲಿನವು ಹಕ್ಕಿಯನ್ನು ಕಚ್ಚುತ್ತವೆ, ಅಪರೂಪಕ್ಕೆ ಬಯಲಲ್ಲಿ ಕೂತ ಮನುಷ್ಯನನ್ನು. ಕೆಳಗಿನವು ಹಕ್ಕಿಯ ತಂಟೆಗೇ ಹೋಗುವುದಿಲ್ಲ. ಮೇಡಂ ಅದರ ಮೇಲೆ ಪ್ರಕಟಣೆ ಹೊರಡಿಸಿದರು. ಮರಗಿಡಗಳಿರುವ ಕಡೆ ಸಂಜೆ ಓಡಾಡಬೇಡಿ. ಉದ್ಯಾನಗಳಿಗೆ ಔಷಧಿ ಹೊಡೆಯಲಾಗುವುದು. ನೆಲಮಾಳಿಗೆಗಳಿಗೆ ಅಗತ್ಯವಿಲ್ಲ, ಅಲ್ಲಿಯ ಸೊಳ್ಳೆಯಿಂದ ಈ ರೋಗದ ಭಯವಿಲ್ಲ. ಕೆಳಗೆ ಮೇಡಂ ಸಹಿ, ಅದರ ಕೆಳಗೆ ಪರೀಕ್ಷಕಿ ಎಂದು ಅತ್ತೆಯ ಸಹಿ. ಅತ್ತೆ ಒಂದು ಪ್ರತಿಯನ್ನು ಮನೆಗೆ ತಂದು ನನಗೆ ತೋರಿಸಿದಳು. ಅವಳ ಸಹಿ ಅಚ್ಚಾದದ್ದು ಅದೇ ಮೊದಲು.

ಅದು ನೆಲದಡಿಯ ನೀರು ಏರುವ ಕಾಲ. ಅಂಥ ವಾರಗಳಲ್ಲಿ ಅಪ್ಪ ನೆಲಮಾಳಿಗೆಯಲ್ಲೇ ಉಳಿಯಬೇಕಿತ್ತು. ಹೊರಡುವ ಸಂಜೆ ಊಟಕ್ಕೆ ಕೂತಾಗ ಅಮ್ಮ ಮಾತು ತೆಗೆದಳು.

"ಒಂದು ತಿಂಗಳು ರಜೆ ಹಾಕಿ ಮನೇಲೇ ಇರ್ಲಿ. ಆ ಗವಾಕ್ಷಿ ಹತ್ರ ಕಾಗೆ ಸತ್ತು ಬಿದ್ದಿತ್ತು ಅಂತ ಇವರೇ ಹೇಳಿದ್ರು."

ಅಪ್ಪ ಅತ್ತೆಯ ಮುಖ ನೋಡಿದ. "ಏನಕ್ಕ? ಹೋಗ್ಲಾ, ಬೇಡ್ವಾ?"

"ಮನೇಲಿ ಕಿಟಕಿ ಎದುರಿಗೇ ಮರ ಇದೆ" ಎಂದಳು ಅತ್ತೆ. "ಇಲ್ಲಿಗಿಂತ ಕೆಳಗೇ ಕ್ಷೇಮ. ನಿನ್ನ ಸೊಳ್ಳೆ ಹಕ್ಕಿ ಮುಖಾನೂ ನೋಡಿಲ್ಲ ಕಣೋ. ಹನ್ನೊಂದು ವರ್ಷದ ಲೆಕ್ಕ ಇದೆ ನನ್ ಹತ್ರ."

"ಅಕ್ಕ ಹೇಳಿದ್ಮೇಲೆ ಮುಗೀತು" ಎಂದ ಅಪ್ಪ. "ನಗರಸಭೆ ಸಹಿ ಬೇರೆ ಬಿದ್ದಿದೆ." ತಟ್ಟೆಯಲ್ಲಿ ಉಳಿದದ್ದನ್ನು ಬಳಿದು ತಿಂದು, ಎರಡು ಅಂಗಿ ಮಡಚಿಕೊಂಡು ಹೋದ.

ಆ ಗಳಿಗೆಯಲ್ಲಿ ನಿನಗೆ ಜಾಡಿ ಪುಸ್ತಕ ನೆನಪಾಗಲಿಲ್ಲವೇ ಎಂದು ನಾನು ಅವಳನ್ನು ಮುಂದೆ ಒಮ್ಮೆ ಕೇಳಿದ್ದೇನೆ. ಇಲ್ಲ ಎಂದಳು. ನಂಬುತ್ತೇನೆ. ಕೊಳೆಪಾತ್ರೆಗಳ ನೆನಪು ಇಟ್ಟುಕೊಳ್ಳುವವರು ಯಾರು?

ಹದಿನೆಂಟನೇ ದಿನ ಅಪ್ಪನನ್ನು ಕಟ್ಟಡದ ಕಾವಲುಗಾರ ಕರೆತಂದು ಮನೆಯಲ್ಲಿ ಬಿಟ್ಟ. ತಲೆ ಸಿಡಿಯುತ್ತದೆ ಎನ್ನುತ್ತಿದ್ದ. ಕತ್ತು ಬಗ್ಗುತ್ತಿರಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿ, "ಎರಡನೇ ಪಂಪು ಆಫ್ ಮಾಡು, ಬಿಸಿಯಾಗಿದೆ" ಎಂದ. ಅದಾದ ಮೇಲೆ ಅವನು ನನ್ನನ್ನು ಗುರುತಿಸಲಿಲ್ಲ.

ವೈದ್ಯರು ಚಿಕ್ಕ ವಯಸ್ಸಿನವರು, ಮೂರು ದಿನದಿಂದ ನಿದ್ದೆಗೆಟ್ಟವರಂತೆ ಕಾಣುತ್ತಿದ್ದರು. "ಇವರು ಸಂಜೆ ಹೊತ್ತು ಹೊರಗೆ ಓಡಾಡ್ತಿದ್ರಾ? ಉದ್ಯಾನದ ಕಡೆ?" ಎಂದು ಕೇಳಿದರು.

"ಇಲ್ಲ. ಎರಡೂವರೆ ವಾರದಿಂದ ನೆಲಮಾಳಿಗೆ ಬಿಟ್ಟು ಹೊರಗೆ ಬಂದಿಲ್ಲ" ಎಂದಳು ಅಮ್ಮ.

"ಹಾಗಾದ್ರೆ ಕಾಗೆಜ್ವರ ಅಲ್ಲ" ಎಂದು ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಆ ಪ್ರಕಟಣೆಯನ್ನು ಅಂಟಿಸಿದ್ದರು. "ನೆಲಮಾಳಿಗೆ ಸೊಳ್ಳೆಯಿಂದ ಆ ರೋಗದ ಭಯವಿಲ್ಲ ಅಂತ ಬರೆದಿದ್ದಾರೆ. ಪರೀಕ್ಷೆ ಸಾಮಾನು ಕಡಿಮೆ ಇದೆ. ಬೇರೆ ಏನೋ ಇರಬೇಕು, ನೋಡೋಣ."

ಅತ್ತೆ ಗೋಡೆಯ ಹತ್ತಿರ ಹೋಗಿ ನಿಂತಳು. ತನ್ನ ಸಹಿಯನ್ನು ತಾನೇ ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದ ಹಾಗೆ ಬಹಳ ಹೊತ್ತು ನೋಡಿದಳು. ಆಮೇಲೆ ಬಂದು ವೈದ್ಯರಿಗೆ ಕೈಮುಗಿದು, "ಒಂದು ಕೊಳವೆ ರಕ್ತ ತೆಗೆದಿಡಿ ಸ್ವಾಮಿ. ಸಾಮಾನು ಬಂದಾಗ ನೋಡಿ" ಎಂದಳು. ಅವರು ಏನು ಅಂದುಕೊಂಡರೋ, ತೆಗೆದಿಟ್ಟರು.

ಆಸ್ಪತ್ರೆಗೆ ಸೇರಿದ ಒಂಬತ್ತನೇ ದಿನ ಅಪ್ಪ ಹೋದ. ಮೂರು ವಾರದ ಮೇಲೆ ರಕ್ತದ ಫಲಿತಾಂಶ ಬಂತು. ಕಾಗೆಜ್ವರ. ಅದಕ್ಕೆ ಔಷಧಿ ಇರಲಿಲ್ಲ, ಮೊದಲೇ ಗೊತ್ತಾಗಿದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ ಎಂದು ವೈದ್ಯರು ಸಮಾಧಾನ ಹೇಳಿದರು. ಅಮ್ಮ ಅವರ ಮಾತು ಮುಗಿಯುವವರೆಗೆ ಕಾದು, "ಮನೇಲೇ ಇದ್ದಿದ್ರೆ ಬರ್ತಾನೇ ಇರ್ಲಿಲ್ಲ" ಎಂದಳು. ಮನೆಗೆ ಬಂದ ಮೇಲೆ ಅತ್ತೆಯ ಕಡೆ ತಿರುಗದೆ, ಗೋಡೆಗೆ ಹೇಳಿದ ಹಾಗೆ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು. ಅತ್ತೆಗೆ ಆಕೆ ಅಂದದ್ದು ಅದೊಂದೇ ಮಾತು. ಅಲ್ಲಿಂದ ಮುಂದೆ ಜಗಳವಿಲ್ಲ, ಬೈಗುಳವಿಲ್ಲ. ಆದರೆ ಅತ್ತೆ ತೊಳೆದಿಟ್ಟ ಪಾತ್ರೆಗಳನ್ನು ಅಮ್ಮ ಒಂದೊಂದಾಗಿ ತೆಗೆದು ಮತ್ತೆ ತೊಳೆಯತೊಡಗಿದಳು. ತಟ್ಟೆ, ಲೋಟ, ಸೌಟು, ಎಲ್ಲ. ಅತ್ತೆ ನೋಡಿದಳು, ಮುಖ ತಿರುಗಿಸಿಕೊಂಡಳು.

ಫಲಿತಾಂಶ ಬಂದ ಎರಡನೇ ದಿನ ಅತ್ತೆ ನನ್ನನ್ನು ಕರೆದುಕೊಂಡು ಪಂಪುಕೋಣೆಗೆ ಹೋದಳು. ಅಪ್ಪನ ಜಾಗದಲ್ಲಿ ಹೊಸಬನೊಬ್ಬ ಬಂದಿದ್ದ. ಗೋಡೆಯ ಮೊಳೆಗೆ ಅಪ್ಪನ ಒಂದು ಅಂಗಿ ಇನ್ನೂ ನೇತಾಡುತ್ತಿತ್ತು. ಅದನ್ನು ನಾನು ತೆಗೆದುಕೊಂಡೆ. ಅತ್ತೆ ತೊಟ್ಟಿಯಿಂದ ಸೌಟಿನಲ್ಲಿ ನೀರೆತ್ತಿ ಡಬ್ಬಿ ತುಂಬಿದಳು. ಬೆಳಕಿಗೆ ಹಿಡಿದು ನೋಡಿದಳು. ಸೋಮಾರಿಗಳು ಎನ್ನದೆ ಮುಚ್ಚಳ ಹಾಕಿದಳು.

ಕಚೇರಿಯಲ್ಲಿ ಅವಳು ಆರು ಜಾಡಿ ಆರಿಸಿಕೊಂಡಳು. ನನ್ನನ್ನು ತೊಟ್ಟಿಯ ಪಕ್ಕ ನಿಲ್ಲಿಸಿಕೊಂಡು, "ನೋಡ್ತಾ ಇರು, ಆಮೇಲೆ ಸುಳ್ಳು ಅನ್ಬಾರ್ದು" ಎಂದಳು. ಸಾಬೂನು ಹಾಕಿ ತಿಕ್ಕಿದಳು. ಆಮ್ಲದ ನೀರಿನಲ್ಲಿ ಅದ್ದಿದಳು. ಮೂರು ಸಲ ಕುದಿನೀರಿನಲ್ಲಿ ಕುದಿಸಿದಳು. ಒಲೆಪೆಟ್ಟಿಗೆಯಲ್ಲಿ ಒಣಗಿಸಿ, ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದು ನೋಡಿದಳು. ಆ ಜಾಡಿಗಳಲ್ಲಿ ಹಿಂದಿನ ತಂಡದ ಮರಿಯಿರಲಿ, ಹಿಂದಿನ ತಂಡದ ನೆನಪೂ ಉಳಿದಿರಲಿಲ್ಲ. ಅವುಗಳಲ್ಲಿ ಅಪ್ಪನ ಪಂಪುಕೋಣೆಯ ಮರಿಗಳನ್ನು ಬಿಟ್ಟಳು.

ಮೂರು ವಾರ ಕಾದೆವು. ಆರರಲ್ಲಿ ಎರಡು ಚೊಕ್ಕವಾಗಿ 'ಕೆಳಗಿನವು'. ಉಳಿದ ನಾಲ್ಕೂ ಬೆರೆತಿದ್ದವು. ಅರ್ಧ ಹೀಗೆ, ಅರ್ಧ ಹಾಗೆ.

ಅತ್ತೆ ಸ್ಟೂಲಿನ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕಪಾಟಿನ ತಳದಿಂದ ಜಾಡಿ ಪುಸ್ತಕಗಳನ್ನು ಎಳೆದಳು, ಹನ್ನೊಂದೂ. "ಕೂಡ್ಸು" ಎಂದಳು ನನಗೆ. ನಾನು ಕೂಡಿಸಿದೆ. ಮೊದಲ ವರ್ಷ ನೂರು ಜಾಡಿಗೆ ಮೂರು ಮತ್ತೆ ತೊಳೆದದ್ದು. ಐದನೇ ವರ್ಷ ಒಂಬತ್ತು. ಅಪ್ಪ ಸತ್ತ ವರ್ಷ ಇಪ್ಪತ್ತಾರು. ವಯಸ್ಸಾಗುತ್ತಾ ತನ್ನ ಕೈ ಸೋಲುತ್ತಿದೆ, ತೊಳೆಯುವುದು ಸಾಲದಾಗುತ್ತಿದೆ ಎಂದು ಅವಳು ಅಂದುಕೊಂಡಿದ್ದಳಂತೆ. ಕಳೆದ ಎರಡು ವರ್ಷ ಬೇಗ ಬಂದು ಹೆಚ್ಚು ಹೊತ್ತು ತಿಕ್ಕುತ್ತಿದ್ದಳಂತೆ. ಇಷ್ಟು ವರ್ಷ ಊರು ಅಗೆದು ಹೊಸ ಚರಂಡಿ, ಹೊಸ ಗವಾಕ್ಷಿ ಮಾಡಿದ್ದಕ್ಕೆ ಮೇಲಿನವು ಕೆಳಗೂ ಕೆಳಗಿನವು ಮೇಲೂ ಹೋಗಿಬರುವುದು ಹೆಚ್ಚಾಗಿತ್ತು. ಆ ಸುದ್ದಿಯನ್ನು ಸೊಳ್ಳೆಗಳು ವರ್ಷವರ್ಷವೂ ಹೇಳುತ್ತಲೇ ಇದ್ದವು. ಇವಳು ಅದನ್ನು ಕೊಳೆ ಎಂದು ತಿಕ್ಕುತ್ತಲೇ ಇದ್ದಳು.

ಇನ್ನೊಂದು ಉಳಿದಿತ್ತು. ಬೆರೆತ ಜಾಡಿಗಳಿಂದ ನಲವತ್ತು ಹೆಣ್ಣುಗಳನ್ನು ಪೆಟ್ಟಿಗೆಗೆ ಬಿಟ್ಟು, ಮೊದಲು ಪಾರಿವಾಳದ ಬದಿಯ ಬಾಗಿಲು ಮಾತ್ರ ತೆರೆದಳು. ಅದರ ರಕ್ತ ಕುಡಿದವುಗಳನ್ನು ಬೇರೆಮಾಡಿ ಗುರುತಿಗೆಂದು ಅವುಗಳ ಮೇಲೆ ಕೆಂಪು ಪುಡಿ ಊದಿದಳು. ಅಂಥವು ಹತ್ತೊಂಬತ್ತು. ಐದು ದಿನ ಬಿಟ್ಟರೆ ಅವುಗಳಿಗೆ ಮತ್ತೆ ಹಸಿವಾಗುತ್ತದೆ. ಐದನೇ ದಿನ ಮಧ್ಯಾಹ್ನ ಅವಳು ಪೆಟ್ಟಿಗೆಯ ಮುಂದೆ ಕೂತು ರವಿಕೆಯ ತೋಳು ಮಡಚಿದಳು. ಯಾವತ್ತಿನ ಎಡದೋಳಲ್ಲ, ಬಲದೋಳು.

"ಅತ್ತೆ, ಅದು ನಿನ್ ಕೈ" ಎಂದೆ.

"ಇದು ಕಚೇರಿ ಕೆಲಸ ಅಲ್ಲ" ಎಂದಳು.

ಚುಕ್ಕೆಯಿಲ್ಲದ ಬಿಳಿ ಕೈ ಒಳಗೆ ಹೋಯಿತು. ಮೊದಲ ಕೆಂಪು ಸೊಳ್ಳೆ ಮಣಿಕಟ್ಟಿನ ಮೇಲೆ ಕೂತಿತು. ಆಮೇಲೆ ಎರಡು. ನಾನು ಎಣಿಸುತ್ತ ಹೋದೆ. ಹದಿನಾಲ್ಕು. ಹಕ್ಕಿಯ ರಕ್ತ ಕುಡಿದ ಹತ್ತೊಂಬತ್ತರಲ್ಲಿ ಹದಿನಾಲ್ಕು ನನ್ನ ಅತ್ತೆಯ ರಕ್ತ ಕುಡಿದವು. ಅವು ಹೊಟ್ಟೆ ತುಂಬಿ ತಾವಾಗಿ ಏಳುವವರೆಗೆ ಅವಳು ಕೈ ತೆಗೆಯಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವಳ ಎಡಗೈ ಖಾಲಿಯೇ ಇತ್ತು, ಒರೆಸಿಕೊಳ್ಳಲಿಲ್ಲ.

ಮೇಡಂ ಕೆಟ್ಟವರಲ್ಲ. ಪುಸ್ತಕಗಳನ್ನೂ ಪೆಟ್ಟಿಗೆಯನ್ನೂ ಒಂದೊಂದಾಗಿ ನೋಡಿದರು. ಆಮೇಲೆ ನನಗೆ ಕಾಗದದ ಮೇಲೆ ಗೀಟೆಳೆದು ವಿವರಿಸಿದರು. ಒಂದು ಜೀವಿ ಎರಡಾಗುವಾಗ ನಡುವೆ ಗೋಡೆ ಏಳಲೇಬೇಕು ಎಂದು ಹಳಬರು ನಂಬಿದ್ದರು. ಹಾಳೆಯಲ್ಲಿ ಎರಡೇ ಮನೆ ಇದ್ದದ್ದು ಅದಕ್ಕೇ. ನಿಜದಲ್ಲಿ ಸಾವಿರಾರು ತಲೆಮಾರು ಅವು ಬೇರೆಯಾಗುತ್ತಲೂ ಇರುತ್ತವೆ, ಬೆರೆಯುತ್ತಲೂ ಇರುತ್ತವೆ. ಬೆರೆತರೂ ಬೇರೆಯಾಗುವುದು ನಿಲ್ಲದೆ ಇರಬಹುದು. ಬೆರಕೆ ಹೆಚ್ಚಾದರೆ ಮತ್ತೆ ಒಂದಾಗಲೂಬಹುದು.

"ಗೊತ್ತಾಯ್ತು" ಎಂದಳು ಅತ್ತೆ. "ಒಲೆ ಬೇರೆ ಆಗಿದೆ, ಹೆಣ್ಣು ಕೊಟ್ಟು ತರೋದು ನಿಂತಿಲ್ಲ."

ಆ ವಾರವೇ ನೆಲಮಾಳಿಗೆಗಳಿಗೆಲ್ಲ ಔಷಧಿ ಹೊಡೆದರು. ಅಷ್ಟು ಹೊತ್ತಿಗೆ ಅಪ್ಪನ ಹಾಗೆ ಕೆಳಗೆ ದುಡಿಯುವ ಇನ್ನೂ ಆರು ಜನ ಹೋಗಿದ್ದರು. ಒಬ್ಬ ಕಾವಲುಗಾರ, ಬಟ್ಟೆ ಒಗೆಯುವ ಇಬ್ಬರು ಹೆಂಗಸರು, ಉಗ್ರಾಣದ ಕೂಲಿಗಳು. ಅವರ ಮನೆಗಳಿಗೆ ಅತ್ತೆ ಒಂದೊಂದು ಭಾನುವಾರ ಹೋಗಿಬಂದಳು. ಏನು ಹೇಳಿದಳು, ಅವರು ಏನು ಅಂದರು ಎಂದು ನನಗೆ ಹೇಳಿಲ್ಲ. ಒಂದು ಮನೆಯಿಂದ ಬಂದಾಗ ಕೆನ್ನೆ ಕೆಂಪಾಗಿತ್ತು.

ವಿಚಾರಣೆಗೆ ಮೂವರು ಕೂತರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಹಾಗೆ ಮಾತಾಡಿದರು. ಹಳೇ ಸಾಹೇಬರನ್ನೂ ಕರೆಸಿದ್ದರು. ಜಾಡಿ ಕೊಳಕು ಎಂದು ತಾವು ಅಂದ ನೆನಪೇ ಇಲ್ಲವೆಂದರು. ನಿಜವೇ, ನೆನಪಿರಲಾರದು. ಅವರಿಗೆ ಅದು ಒಂದು ಗಳಿಗೆಯ ಮಾತು, ಮತ್ತೆ ನೆನೆಸಿಕೊಂಡಿರಲಿಕ್ಕಿಲ್ಲ. ಕೆಳದರ್ಜೆಯ ನೌಕರರ ಲೋಪ ಎಂದು ಬರೆದು, ಅತ್ತೆಯನ್ನು ಮೊದಲಿನ ಗಾಜು ತೊಳೆಯುವ ಕೆಲಸಕ್ಕೆ ಹಾಕಿದರು. ಹಾಳೆಯಲ್ಲಿ ಮೂರನೇ ಮನೆ ಬಂತು: 'ಬೆರಕೆ'. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನನಗೆ ಅವಳ ಮೇಲೆ ಸಿಟ್ಟಿದೆ. ಈಗಲೂ ಇದೆ. ಅಪ್ಪ ಅವಳ ಮಾತಿನ ಮೇಲೆ ಜೀವ ಇಟ್ಟಿದ್ದ. ಅವಳು ಒಂದು ಸಲ, ಒಂದೇ ಒಂದು ಸಲ, ಆ ಮೇಜಿನ ಮುಂದೆ ತಲೆಯೆತ್ತಿ ನಿಂತಿದ್ದರೆ ಸಾಕಿತ್ತು. ಆದರೆ ಆ ಸಿಟ್ಟನ್ನು ಅವಳೊಬ್ಬಳ ಮೇಲೆ ಹೊರಿಸಿ ಮಲಗಲು ನನಗೆ ಆಗುವುದಿಲ್ಲ. ಅವಳಿಗೆ ಸೊಳ್ಳೆಯನ್ನು ಎಣಿಸಲು ಕಲಿಸಿದವರಿದ್ದರು, ಹಾಳೆಯನ್ನು ನಂಬಲು ಕಲಿಸಿದವರಿದ್ದರು. ಅವಳ ಕೈಯನ್ನು ನಂಬಲು ಯಾರೂ ಕಲಿಸಲಿಲ್ಲ.

ಅತ್ತೆ ಇನ್ನೂ ಆರು ವರ್ಷ ಜಾಡಿ ತೊಳೆದು ನಿವೃತ್ತಳಾದಳು. ಕೊನೆಯ ದಿನ ಮನೆಗೆ ಬಂದು, ಚೀಲ ಇಟ್ಟು, ರೂಢಿಯಂತೆ ತೊಟ್ಟಿಯಲ್ಲಿದ್ದ ಪಾತ್ರೆಗಳಿಗೆ ಕೈಹಾಕಿದಳು. ಕೊನೆಯ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟಳು. ಅಮ್ಮ ಬಂದಳು. ಆರು ವರ್ಷದಿಂದ ಮಾಡುತ್ತಿದ್ದ ಹಾಗೆ ಆ ಲೋಟವನ್ನು ತೆಗೆದುಕೊಂಡು ನಲ್ಲಿ ತಿರುಗಿಸಿದಳು.

ಅತ್ತೆ ಈ ಸಲ ಮುಖ ತಿರುಗಿಸಲಿಲ್ಲ.

"ತೊಳೀಬೇಕು ಅನ್ಸಿದ್ರೆ ತೊಳಿ" ಎಂದಳು. "ಆದ್ರೆ ಅದು ಚೊಕ್ಕಟವಾಗಿದೆ. ಅವತ್ತಿನ ಜಾಡೀನೂ ಚೊಕ್ಕಟವಾಗೇ ಇತ್ತು. ನಾನು ಆ ಮಾತು ಹಳೇ ಸಾಹೇಬ್ರಿಗೆ ಹೇಳ್ಲಿಲ್ಲ. ಹೇಳಿದ್ರೆ ಅವನು ಇರ್ತಿದ್ದ."

ಅಮ್ಮ ಲೋಟ ಹಿಡಿದುಕೊಂಡು ನಿಂತಳು. ನೀರು ಸುಮ್ಮನೆ ಹರಿದುಹೋಗುತ್ತಿತ್ತು. ನಲ್ಲಿ ನಿಲ್ಲಿಸಿ, ಲೋಟವನ್ನು ತೊಳೆಯದೆ ಹಾಗೇ ಕಪಾಟಿನಲ್ಲಿ ಇಟ್ಟಳು.